ಕಾಶಪ್ಪನ ನಡತೆಗೆ ಊರಿನ ಸಾಕ್ಷಿ

ಜಮಾದಾರ ದೇವಿಂದ್ರಪ್ಪನಿಗೆ ಇಡೀ ಪೊಲೀಸ್ ನೌಕರಿಯಲ್ಲಿ ಮನಸ್ಸಿಗೆ ಹಿಡಿಸುತ್ತಿದ್ದ ಕೆಲಸ ಒಂದೇ, ನಡತೆ ವಿಚಾರಣೆ. ಸರ್ಕಾರಿ ಕೆಲಸಕ್ಕೆ ಆಯ್ಕೆಯಾದ ಹುಡುಗರ ಊರಿಗೆ ಹೋಗಿ, ಇವನು ಎಂಥವನು, ಕುಡಿಯುತ್ತಾನೋ, ಕದಿಯುತ್ತಾನೋ, ಯಾವ ಪಕ್ಷದ ಬಾವುಟ ಹಿಡಿದು ಕೂಗುತ್ತಾನೋ ಎಂದು ನಾಲ್ಕು ಜನರನ್ನು ಕೇಳಿ ಬರೆದುಕೊಂಡು ಬರುವುದು. ಅದರಲ್ಲಿ ಹೊಡೆಯುವುದಿಲ್ಲ, ಬಡಿಯುವುದಿಲ್ಲ, ಓಡುವ ಕಳ್ಳನ ಹಿಂದೆ ಬೊಜ್ಜು ಹೊತ್ತು ಓಡುವುದೂ ಇಲ್ಲ. ಹೋದ ಮನೆಯಲ್ಲಿ ಚಹಾ ಸಿಗುತ್ತದೆ, ನಸೀಬು ನೆಟ್ಟಗಿದ್ದರೆ ಊಟವೂ ಸಿಗುತ್ತದೆ. ಖಾಕಿ ಕಂಡರೆ ಬಾಗಿಲು ಹಾಕಿಕೊಳ್ಳುವವರನ್ನೇ ಜೀವಮಾನವೆಲ್ಲ ನೋಡಿದವನಿಗೆ ಕರೆದು ಕೂರಿಸುವವರು ಸಿಕ್ಕರೆ ಎದೆ ತುಂಬಿ ಬರುತ್ತಿತ್ತು. ಹೆಂಡತಿ ಅನಸುಬಾಯಿ ಮಾತ್ರ, "ತಾಲೂಕಿನಾಗ ಎಷ್ಟು ಹುಡುಗರಿಗಿ ನೌಕರಿ ಆಗ್ಯಾವ ಅಂತ ನಿಮ್ಮ ಹೊಟ್ಟಿ ನೋಡಿದ್ರ ತಿಳೀತದ" ಎಂದು ಚುಚ್ಚುತ್ತಿದ್ದಳು.

ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟ ಮೊದಲ ಚಳಿಗಾಲ ಅದು. ಠಾಣೆಯ ಕಾಗದಗಳ ಮೇಲೆಲ್ಲ ಇನ್ನೂ ಮೈಸೂರು ರಾಜ್ಯ ಎಂದೇ ಅಚ್ಚಾಗಿತ್ತು. ಹಳೇ ಹೆಸರನ್ನು ಹೊಡೆದು ಹಾಕಿ ಹೊಸದನ್ನು ಬರೆಯುವುದು ದೇವಿಂದ್ರಪ್ಪನ ಬೆಳಗಿನ ಜಪವಾಗಿತ್ತು. ಹಾಗೆ ಹೊಡೆದು ಬರೆದ ಕಾಗದವೊಂದನ್ನು ಮಡಚಿ ಜೇಬಿಗಿಟ್ಟುಕೊಂಡು ಅವನು ಚಿತ್ತಾಪುರದಲ್ಲಿ ಬಸ್ಸು ಹತ್ತಿದ. ಹೊಳಿಹಂಗರಗಿಯ ಕಾಶಪ್ಪ ಎಂಬ ಹುಡುಗ ಕೇಂದ್ರ ಸರ್ಕಾರದ ತಂತಿ ಇಲಾಖೆಗೆ ಆಯ್ಕೆಯಾಗಿದ್ದ. ಪರೀಕ್ಷೆ ಮುಗಿದಿತ್ತು, ವೈದ್ಯರು ನೋಡಿ ಆಗಿತ್ತು, ಪೊಲೀಸರ ವರದಿ ಒಂದು ಹೋದರೆ ಆರ್ಡರು ಕೈಗೆ. ಆದರೆ ತಂತಿ ಇಲಾಖೆಯವರು ತೀರ ಕಟ್ಟುನಿಟ್ಟಿನ ಜನ. ದಂಡಿನ ಸುದ್ದಿ, ಸರ್ಕಾರದ ಗುಟ್ಟು ಎಲ್ಲವೂ ಅದೇ ತಂತಿಯಲ್ಲಿ ಹರಿಯುತ್ತದೆಂದು, ಚಳವಳಿ, ಹರತಾಳ, ಪಕ್ಷ ಎಂದು ಓಡಾಡಿದವನನ್ನು ಅವರು ಹೊಸ್ತಿಲು ತುಳಿಯಗೊಡುತ್ತಿರಲಿಲ್ಲ.

ಇನ್ನೊಂದು ನಿಯಮವಿತ್ತು. ವಿಚಾರಣೆ ಯಾತಕ್ಕಾಗಿ ಎಂಬುದನ್ನು ಊರವರಿಗೆ ಹೇಳಕೂಡದು. ಹೇಳಿದರೆ ಎಲ್ಲರೂ ಒಂದಾಗಿ ಹುಡುಗನನ್ನು ದೇವರು ಮಾಡಿಬಿಡುತ್ತಾರೆ ಎಂದು ಮೇಲಿನವರ ಎಣಿಕೆ. ದೇವಿಂದ್ರಪ್ಪ ಆ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ. ಹೇಳದೆ ಇದ್ದರೂ ಊರವರು ಹುಡುಗನನ್ನು ದೇವರು ಮಾಡುತ್ತಾರೆಂದು ಅವನಿಗೆ ಗೊತ್ತಿತ್ತು. ಬೇಕಾದ್ದೂ ಅದೇ. ನಾಲ್ಕು ಒಳ್ಳೆಯ ಮಾತು, ಎರಡು ಹೆಬ್ಬೆಟ್ಟು, ಒಂದು ಊಟ, ಸಂಜೆಯ ಬಸ್ಸು.

ಆದರೆ ಹೊಳಿಹಂಗರಗಿಯಲ್ಲಿ ಹಿಂದಿನ ವರ್ಷ ನಡೆದದ್ದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ, ಆ ಊರಿಗೆ ಹೋಗುವವರು ಇಳಿಯುವ ತೆಂಗಳಿಯಲ್ಲಿ ಬಸ್ಸಿನಿಂದ ಇಳಿಯದೆ ಮುಂದೆ ಹೋಗಿಬಿಡುತ್ತಿದ್ದ. ನಮಗಾದರೂ ಅದು ಗೊತ್ತಿರಲಿ.

ಕಾಶಪ್ಪನ ಮುತ್ಯಾ, ಎಂದರೆ ಅಜ್ಜ, ಅಯ್ಯಪ್ಪ. ಕಾಗಿಣಾ ಹೊಳೆಯಲ್ಲಿ ದೋಣಿ ನಡೆಸಿ ಬದುಕಿದವನು. ರಜಾಕಾರರ ಗದ್ದಲದ ಕಾಲದಲ್ಲಿ ಊರು ಬಿಟ್ಟು ಓಡುವವರನ್ನೆಲ್ಲ ದೋಣಿಯಲ್ಲಿ ಆಚೆ ದಂಡೆಗೆ ದಾಟಿಸಿ, ನಿಜಾಮನ ಪೊಲೀಸರ ಕೈಗೆ ಸಿಕ್ಕಿ, ಒಬ್ಬರ ಹೆಸರನ್ನೂ ಹೇಳದೆ ಕಲಬುರ್ಗಿ ಜೈಲು ಸೇರಿದ. ಪೊಲೀಸ್ ಕಾರ್ಯಾಚರಣೆಯಾಗಿ ಗಾಳಿ ತಿರುಗಿದ ಮೇಲೆ ಓಡಬೇಕಾದವರೂ ಬದಲಾದರು, ಈಗ ಮುಸಲ್ಮಾನರ ಸರದಿ. ಜೈಲಿನಿಂದ ಬಂದ ಅಯ್ಯಪ್ಪ ಅವರನ್ನೂ ಅದೇ ದೋಣಿಯಲ್ಲಿ ದಾಟಿಸಿದ. ಬಳೆ ಮಾರುವ ಮಾಶಾಬಿ ಹಾಗೆ ದಾಟಿದವಳು, ಗದ್ದಲ ತಣ್ಣಗಾದ ಮೇಲೆ ಮರಳಿ ಬಂದವಳು. ಎಷ್ಟೋ ವರ್ಷದ ಮೇಲೆ ಸರ್ಕಾರ, ಸ್ವಾತಂತ್ರ್ಯಕ್ಕಾಗಿ ಜೈಲಿಗೆ ಹೋದವರಿಗೆ ಪಿಂಚಣಿ ಕೊಡುತ್ತೇವೆ ಎಂದಿತು. ಅಯ್ಯಪ್ಪ ಅರ್ಜಿ ಹಾಕಿದ. ವಿಚಾರಣೆಗೆ ಖಾಕಿ ತೊಟ್ಟವನೊಬ್ಬ ಬಂದು, ಅಯ್ಯಪ್ಪ ಯಾವುದಾದರೂ ಚಳವಳಿಯಲ್ಲಿದ್ದನೋ, ಜೈಲಿಗೆ ಹೋಗಿದ್ದನೋ ಎಂದು ಕೇಳಿದ.

ಖಾಕಿಯವರಿಗೆ ಹೇಳಲು ಆ ಊರಿನ ಹತ್ತಿರ ನಿಜಾಮನ ಕಾಲದಿಂದ ಇದ್ದದ್ದು ಒಂದೇ ಉತ್ತರ. "ಗೊತ್ತಿಲ್ರಿ ಸಾಹೇಬ್ರ. ಅಂವ ಭಾಳ ಸಂಭಾವಿತ. ಠಾಣಾದ ಮಾರಿ ನೋಡಿಲ್ಲ." ಎಲ್ಲರಿಗಿಂತ ಮೊದಲು ಹೊಳೆಯ ಮೇಲೆ ಆಣೆ ಮಾಡಿ ಹಾಗೆ ಹೇಳಿದವಳು ಅಯ್ಯಪ್ಪನ ಸ್ವಂತ ತಂಗಿ ಬಸ್ಸಮ್ಮ. ಅಣ್ಣನನ್ನು ಉಳಿಸಿದೆನೆಂದು ಅವಳು ಅಂದು ಹೋಳಿಗೆ ಮಾಡಿದ್ದಳು. ತಿಂಗಳೊಪ್ಪತ್ತಿನಲ್ಲಿ ಸಾಕ್ಷಿ ಇಲ್ಲವೆಂದು ಅರ್ಜಿ ತಿರುಗಿ ಬಂತು.

ಅಯ್ಯಪ್ಪ ಕೂಗಾಡಲಿಲ್ಲ. ತಂಗಿಯ ಸಂಗಡ ಮಾತು ಬಿಟ್ಟ, ಅಷ್ಟೇ. ಒಂದೇ ಮನೆ, ಒಂದೇ ಒಲೆ. ಬಸ್ಸಮ್ಮ ವಿಧವೆಯಾಗಿ ತವರಿಗೆ ಬಂದವಳು, ತಾಯಿ ತಂದೆ ಸತ್ತ ಕಾಶಪ್ಪನನ್ನು ಎದೆಗೆ ಹಾಕಿಕೊಂಡು ಬೆಳೆಸಿದವಳು. ಈಗ ಅಣ್ಣ ತಂಗಿ ಇಬ್ಬರೂ ಅವನ ಬಾಯಿಂದಲೇ ಮಾತಾಡುತ್ತಿದ್ದರು. "ನಿಮ್ಮ ಮುತ್ಯಾಗ ಕೇಳು, ಇನ್ನೊಂದು ರೊಟ್ಟಿ ಬೇಕೇನಂತ." "ನಿಮ್ಮ ಆಯಿಗಿ ಹೇಳು, ಸಾಕು ಅಂತ." ನಡುವೆ ಕೂತ ಕಾಶಪ್ಪ ಎರಡು ಕಡೆಯ ಮಾತನ್ನೂ ಮುಟ್ಟಿಸಿ, ತನ್ನ ರೊಟ್ಟಿ ಆರುವುದನ್ನು ನೋಡುತ್ತಿದ್ದ. ತಂತಿ ಕಚೇರಿಗೆ ಇದಕ್ಕಿಂತ ಒಳ್ಳೆಯ ತಾಲೀಮು ಇನ್ನೇನು ಬೇಕಿತ್ತು?

ಊರಿಗೂ ಈ ತಪ್ಪು ಚುಚ್ಚುತ್ತಿತ್ತು. ಅಯ್ಯಪ್ಪ ಎದುರಿಗೆ ಬಂದರೆ ಜನ ತಲೆ ತಗ್ಗಿಸಿ ನಡೆಯುತ್ತಿದ್ದರು. ಕೊನೆಗೆ ಒಂದು ದಿನ ಕಟ್ಟೆಯ ಮೇಲೆ ಕೂಡಿ ಮಾತಾಗಿತ್ತು. ಇನ್ನು ಮುಂದೆ ಖಾಕಿಯವನು ಬಂದು ಜೈಲಿನ ಮಾತು ಕೇಳಿದರೆ ಏನನ್ನೂ ಮುಚ್ಚಿಡಬಾರದು. ಕಡಿಮೆ ಬಿದ್ದರೆ ಮೇಲೊಂದಿಷ್ಟು ಸೇರಿಸಿಯಾದರೂ ಹೇಳಬೇಕು.

ಇಂಥ ಊರಿಗೆ ದೇವಿಂದ್ರಪ್ಪ ಬೆವರು ಒರೆಸಿಕೊಳ್ಳುತ್ತ ಬಂದು, ಅಯ್ಯಪ್ಪನ ಅಂಗಳದ ಹೊರಸಿನ ಮೇಲೆ ಕೂತು, ಬಸ್ಸಮ್ಮ ಕೊಟ್ಟ ಚಹಾ ಕೈಗೆ ತೆಗೆದುಕೊಂಡು ವಿಚಾರಣೆ ಶುರು ಮಾಡಿದ. ಕಾಶಪ್ಪ ಊರಲ್ಲಿರಲಿಲ್ಲ, ಸಂತೆಗೆ ಹೋಗಿದ್ದ. ಅಯ್ಯಪ್ಪ ಅಂಗಳದಾಚೆ ಬೋರಲು ಹಾಕಿದ ದೋಣಿಯ ಮೇಲೆ ಕೂತು ಬಲೆ ಹೆಣೆಯುತ್ತಿದ್ದ. ಖಾಕಿಯನ್ನು ಕಂಡು ಅವನು ಕತ್ತು ಕೂಡ ತಿರುಗಿಸಲಿಲ್ಲ.

"ಯವ್ವಾ, ಈ ಕಾಶಪ್ಪ ಎಂಥ ಹುಡುಗ?"

"ಬಂಗಾರ್ರಿ."

"ಮತ್ತ ಚಳವಳಿ, ಹರತಾಳ ಅಂತ ಎಲ್ಲಿಯರ ಅಡ್ಡ್ಯಾಡ್ಯಾನೇನು? ಜೈಲಿಗಿ ಹೋಗ್ಯಾನೇನು?"

ಈ ಪ್ರಶ್ನೆಗೆ ಊರೂರಲ್ಲೂ ಬರುವ ಉತ್ತರ "ಛೀ ಛೀ" ಎಂಬುದು. ದೇವಿಂದ್ರಪ್ಪ ಅದನ್ನು ಬರೆದುಕೊಳ್ಳಲು ಪೆನ್ನಿನ ಟೋಪಿ ತೆಗೆದೂ ಆಗಿತ್ತು. ಬಸ್ಸಮ್ಮ ಸೆರಗಿಗೆ ಕೈ ಒರೆಸಿಕೊಂಡು, ಅಣ್ಣನ ಬೆನ್ನಿನ ಕಡೆ ಒಮ್ಮೆ ನೋಡಿ, ಅವನಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದಳು.

"ಹೋಗ್ಯಾನ್ರಿ. ಕಲಬುರ್ಗಿ ಜೈಲಿಗಿ ಹೋಗ್ಯಾನ. ಬರ್ಕೋರಿ."

ದೇವಿಂದ್ರಪ್ಪ ಚಹಾ ಕೆಳಗಿಟ್ಟ. ಬಸ್ಸಮ್ಮ ನಿಲ್ಲಲಿಲ್ಲ. ಕಾಶಪ್ಪ ಶಹಾಬಾದಿನ ಕಲ್ಲಿನ ಖಣಿಯಲ್ಲಿ ಕಾರಕೂನನಾಗಿದ್ದು, ಸುಂದರಬಾಯಿ ಎಂಬ ಕೂಲಿಯವಳ ಕಾಲಿನ ಮೇಲೆ ನೆಲಕ್ಕೆ ಹಾಸುವ ಫರಸಿ ಕಲ್ಲು ಬಿದ್ದದ್ದು, ಖಣಿಯ ಧಣಿ ಅವಳನ್ನು ದವಾಖಾನೆಗೂ ಕಳಿಸದೆ ಕೆಲಸದಿಂದ ತೆಗೆದದ್ದು, ಕಾಶಪ್ಪ ಲೇಖನಿ ಕೆಳಗಿಟ್ಟು ಎಲ್ಲ ಕೂಲಿಗಳನ್ನೂ ಎಬ್ಬಿಸಿಕೊಂಡು ಹೋಗಿ ಕಲ್ಲು ತುಂಬಿದ ಲಾರಿಯ ಮುಂದೆ ಅಡ್ಡ ಮಲಗಿದ್ದು, ಪೊಲೀಸರು ಎತ್ತಿಕೊಂಡು ಹೋಗಿ ಹದಿನೈದು ದಿನ ಜೈಲಿನಲ್ಲಿಟ್ಟದ್ದು, ಆಮೇಲೆ ಕೇಸು ವಾಪಸ್ಸಾದದ್ದು, ಸುಂದರಬಾಯಿಗೆ ಔಷಧವೂ ಕೆಲಸವೂ ಸಿಕ್ಕಿ ಕಾಶಪ್ಪನ ಕಾರಕೂನಿಕೆ ಹೋದದ್ದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಹೇಳುವಾಗ ಅವಳ ಮುಖ ಹಬ್ಬದ ದಿನದ ಮುಖವಾಗಿತ್ತು.

"ಸಾಕು ಯವ್ವಾ, ಸಾಕು," ಎಂದ ದೇವಿಂದ್ರಪ್ಪ.

"ಹ್ಯಾಂಗ ಸಾಕಾಗ್ತದ್ರಿ? ಕುಂದ್ರಿ. ಇನ್ನ ಮಂದಿನ ಕರಸ್ತೀನಿ."

ಕರೆಸುವ ಅಗತ್ಯವೇನೂ ಇರಲಿಲ್ಲ. ಖಾಕಿಯವನು ಜೈಲಿನ ಮಾತು ಕೇಳುತ್ತಿದ್ದಾನೆ ಎಂಬ ಸುದ್ದಿ ಆಗಲೇ ಓಣಿ ದಾಟಿತ್ತು. ಅಂಗಳ ತುಂಬಿತು. ಕಾಶಪ್ಪ ಸರ್ಕಾರಕ್ಕೆ ಏನೋ ಒಂದು ಅರ್ಜಿ ಹಾಕಿದ್ದಾನೆ ಎಂಬುದಷ್ಟೇ ಜನಕ್ಕೆ ಗೊತ್ತಿತ್ತು. ನೌಕರಿಯ ಮಾತು ಕೈಗೆ ಬರುವ ಮೊದಲೇ ಬಾಯಿಗೆ ಬಂದರೆ ದೃಷ್ಟಿ ತಾಗುತ್ತದೆಂದು ಅವನು ಮನೆಯಲ್ಲೂ ಹೇಳಿರಲಿಲ್ಲ. ಹಿತ್ತಾಳೆಯ ತಾಟಿನ ಮೇಲೆ ಚಮಚದಿಂದ ಕಟ್ಟ ಕಡ ಎಂದು ತಂತಿಯ ಭಾಷೆ ಬಡಿದು ಕಲಿಯುತ್ತಿದ್ದರೆ, ಬಸ್ಸಮ್ಮ ಅದನ್ನು ಖಣಿಯ ಕಲ್ಲುಕುಟಿಗರ ಸಹವಾಸದಿಂದ ಹತ್ತಿದ ಚಟ ಎಂದುಕೊಂಡಿದ್ದಳು.

ಮೊದಲು ಎದ್ದವನು ಹಣಮಪ್ಪ. ಕಟ್ಟೆಯ ಮೇಲೆ ಕೂತು ಊರಿನ ನ್ಯಾಯವನ್ನೆಲ್ಲ ಬಾಯಲ್ಲೇ ಬಗೆಹರಿಸುವವನು. ಹದಿನೈದು ದಿನದ ಜೈಲು ಅವನಿಗೆ ತೀರ ಬಡಕಲಾಗಿ ಕಂಡಿರಬೇಕು.

"ಹದಿನೈದು ದಿನ ಅಲ್ರಿ ಜಮಾದಾರ್ರೆ, ಆರು ತಿಂಗಳು. ಬಸ್ಸಮ್ಮಗ ಲೆಕ್ಕ ಬರಂಗಿಲ್ಲ. ಮತ್ತ ಬರೇ ಲಾರಿ ಅಲ್ಲ, ವಾಡಿ ಟೇಸನ್ನಾಗ ಮೇಲ್ ಗಾಡಿ ನಿಂದ್ರಸ್ಯಾನ. ಎದಿ ಕೊಟ್ಟು ನಿಂದ್ರಸ್ಯಾನ."

ಇನ್ನೊಬ್ಬನು, ಪೊಲೀಸರಿಂದ ತಪ್ಪಿಸಿಕೊಂಡು ಕಾಶಪ್ಪ ಚಿಂಚೋಳಿಯ ಅಡವಿಯಲ್ಲಿ ಗೆಡ್ಡೆ ಗೆಣಸು ತಿಂದು ಇದ್ದ ಎಂದ. ಮಾಶಾಬಿ ಬಳೆಯ ಗೂಡೆ ಇಳಿಸಿ, ಅವನು ಕೂಲಿಯವರಿಗಾಗಿ ಉಪವಾಸ ಕೂತು ಕಡ್ಡಿಯಾಗಿದ್ದನ್ನು ಕಣ್ಣಾರೆ ಕಂಡಿದ್ದೇನೆಂದು ಅಲ್ಲಾನ ಮೇಲೆ ಆಣೆ ಮಾಡಿದಳು. ಅವಳು ಕಂಡದ್ದು ಕಾಶಪ್ಪನಿಗೆ ವಿಷಮಶೀತ ಜ್ವರ ಬಂದಾಗ. ಕೊನೆಗೆ ಹಣಮಪ್ಪ, ರಜಾಕಾರರ ಕಾಲದಲ್ಲಿ ಸೇಡಂ ತಹಸೀಲ್ ಕಚೇರಿಯ ಮೇಲೆ ಬಾವುಟ ಹಾರಿಸಿದವನೂ ಕಾಶಪ್ಪನೇ ಎಂದುಬಿಟ್ಟ.

ದೇವಿಂದ್ರಪ್ಪ ಕಾಗದ ನೋಡಿದ. "ಹಣಮಪ್ಪ, ಅವಾಗ ಈ ಹುಡುಗ ಹುಟ್ಟಿದ್ದಿಲ್ಲಲ್ಲೋ."

"ಹುಟ್ಟಿದ್ದಿಲ್ಲಂದ್ರ ಏನಾತ್ರಿ, ತಾಯಿ ಹೊಟ್ಟ್ಯಾಗ ಇದ್ದ. ಆಕಿನೂ ಅಲ್ಲೇ ನಿಂತಿದ್ಳು."

ಜನ ಹೌದು ಹೌದು ಎಂದರು. ದೇವಿಂದ್ರಪ್ಪ ಬರೆಯುವುದನ್ನು ನಿಲ್ಲಿಸಿದರೆ ಬರೆಯಿರಿ ಎಂದು ಮೈಮೇಲೆ ಬೀಳುತ್ತಿದ್ದರು. ಹಿಂದಿನ ಸಲದಂತೆ ಆಗಬಾರದು ಎಂದು ಬರೆದದ್ದನ್ನೆಲ್ಲ ಓದಿಸಿದರು. ಓದಿ ಮುಗಿದ ಮೇಲೆ ಬಸ್ಸಮ್ಮ ರೊಟ್ಟಿ ಹಂಚಿನ ತಳದ ಮಸಿಗೆ ಎಣ್ಣೆ ಕಲಸಿ ತಂದಳು. ಒಬ್ಬೊಬ್ಬರಾಗಿ ಬಂದು ಹೆಬ್ಬೆಟ್ಟು ಒತ್ತಿದರು. ಹಾಳೆಯ ಮುಂಭಾಗ ಸಾಲದೆ ಹಿಂಭಾಗಕ್ಕೂ ಒತ್ತಿದರು. ಒತ್ತುವಾಗ ಒಬ್ಬೊಬ್ಬರೂ ದೋಣಿಯ ಮೇಲೆ ಕೂತ ಮುದುಕನ ಕಡೆಗೆ ನೋಡುತ್ತಿದ್ದರು. ಅದು ಕಾಶಪ್ಪನ ಹೆಸರಿನಲ್ಲಿ ಅಯ್ಯಪ್ಪನಿಗೆ ಸಲ್ಲುತ್ತಿದ್ದ ಸಾಲದಂತಿತ್ತು. ದೇವಿಂದ್ರಪ್ಪನಿಗೆ ಮಾತ್ರ ತಲೆ ಬುಡ ತಿಳಿಯದೆ, ಈ ಊರಿಗೆ ಆ ಹುಡುಗನ ಮೇಲೆ ಯಾವ ಜನ್ಮದ ಹಗೆಯೋ ಎಂದು ಮರುಗುತ್ತಿದ್ದ.

ಆಗ ಹಣಮಪ್ಪ ಕೈಯ ಮಸಿಯನ್ನು ತಲೆಗೆ ಒರೆಸಿಕೊಂಡು ಕೇಳಿದ. "ಜಮಾದಾರ್ರೆ, ಪಿಂಚಣಿ ಯಾವ ತಿಂಗಳಿಂದ ಚಾಲೂ ಆಗ್ತದ್ರಿ?"

"ಯಾವ ಪಿಂಚಣಿ?"

"ಜೈಲಿಗಿ ಹೋದವ್ರದು."

ಹಣಮಪ್ಪ ಅಯ್ಯಪ್ಪನ ದೋಣಿ, ಜೈಲು, ತಿರುಗಿ ಬಂದ ಅರ್ಜಿ, ಅಣ್ಣ ತಂಗಿ ಮಾತು ಬಿಟ್ಟದ್ದು ಎಲ್ಲವನ್ನೂ ಹೇಳಿದ ಮೇಲೆ ದೇವಿಂದ್ರಪ್ಪನಿಗೆ ಒಮ್ಮೆಲೇ ಎಲ್ಲ ಬೆಳಕಾಯಿತು. ಗಣಪತಿಯನ್ನು ಮಾಡಲು ಹೋಗಿ ಅವನ ಅಪ್ಪನನ್ನು ಮಾಡಿ ಕೂರಿಸಿದ್ದರು ಈ ಜನ. ಇದೇ ಹೊತ್ತಿಗೆ ಕಾಶಪ್ಪ ಸಂತೆಯ ಚೀಲ ಹೆಗಲಿಗೆ ಹಾಕಿಕೊಂಡು ಬಂದ. ತೆಳ್ಳಗಿನ, ಮೆತ್ತಗಿನ ಮಾತಿನ ಹುಡುಗ. ಅಂಗಳದಲ್ಲಿ ಖಾಕಿ, ಖಾಕಿಯ ಕೈಯಲ್ಲಿ ಹಾಳೆ, ಹಾಳೆಯ ತುಂಬ ಮಸಿ ಹೆಬ್ಬೆಟ್ಟು. ಅವನಿಗೆ ತಿಳಿಯಲು ತಡವಾಗಲಿಲ್ಲ.

"ಏನ್ ಹೇಳೀರಿ ಇವ್ರಿಗಿ?" ಎಂದ.

"ಎಲ್ಲಾ ಹೇಳೀವಿ," ಎಂದಳು ಬಸ್ಸಮ್ಮ. ಅವಳ ದನಿಯಲ್ಲಿ ಅಷ್ಟು ಹಿಗ್ಗಿತ್ತು.

ದೇವಿಂದ್ರಪ್ಪ ನಿಯಮವನ್ನು ಹೊಳೆಗೆ ಬಿಟ್ಟು ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ. ಇದು ಪಿಂಚಣಿಯಲ್ಲ, ನೌಕರಿ. ಈ ನೌಕರಿಗೆ ಜೈಲು ಕಂಡವನು ಆಗುವುದಿಲ್ಲ. ಹರತಾಳ ಮಾಡಿದವನಂತೂ ಆಗುವುದೇ ಇಲ್ಲ. ನೀವು ಹೆಬ್ಬೆಟ್ಟು ಒತ್ತಿದ್ದು ಹುಡುಗನ ಅನ್ನದ ಮೇಲೆ.

ಹಣಮಪ್ಪ ಇನ್ನೊಬ್ಬನ ಹಿಂದೆ ಸರಿದ. ಬಸ್ಸಮ್ಮ ನಿಂತಲ್ಲೇ ಕುಸಿದು ಕೂತು ಹಣೆ ಬಡಿದುಕೊಂಡಳು.

"ಅಣ್ಣನ ಪಿಂಚಣಿ ಇಲ್ಲ ಅಂದು ಕಳದೆ. ಮೊಮ್ಮಗನ ನೌಕರಿ ಹೌದು ಅಂದು ಕಳದೆ. ನನ್ನ ನಾಲಗಿ ಸುಡಲಿ."

ಆಗ ದೋಣಿಯ ಮೇಲಿಂದ ಅಯ್ಯಪ್ಪ ಎದ್ದ. ಬಲೆಯನ್ನು ಕೆಳಗಿಟ್ಟು, ಮಂಡಿ ಹಿಡಿದುಕೊಂಡು ಮೆಲ್ಲಗೆ ಅಂಗಳಕ್ಕೆ ಬಂದ. ಜನ ದಾರಿ ಬಿಟ್ಟರು. ತಂಗಿಯ ಮುಂದೆ ನಿಂತು, ಕಾಶಪ್ಪನ ಕಡೆ ನೋಡದೆ, ನೇರ ಅವಳಿಗೇ ಹೇಳಿದ.

"ಬಸ್ಸವ್ವಾ, ಏಳು. ಅವಾಗ ಹೇಳಿದ್ದು ನನ್ನ ಮ್ಯಾಲಿನ ಜೀವಕ್ಕ, ಈಗ ಹೇಳಿದ್ದು ಇವನ ಮ್ಯಾಲಿನ ಜೀವಕ್ಕ. ನಿನ್ನ ನಾಲಗಿ ಯಾಕ ಸುಡಬೇಕು?"

ಬಸ್ಸಮ್ಮ ಅಣ್ಣನ ಕಾಲು ಹಿಡಿದುಕೊಂಡು ಗೊಳೋ ಎಂದಳು.

ಮೂಗು ಒರೆಸಿಕೊಳ್ಳುವವರು ಇನ್ನೂ ಕೆಲವರಿದ್ದರು, ದೇವಿಂದ್ರಪ್ಪನೂ ಅವರಲ್ಲಿ ಒಬ್ಬ. ಅವನು ಜೀವನದಲ್ಲಿ ಕಾನೂನು ಮೀರಿದವನಲ್ಲ. ಆದರೆ ಈ ಮೂವರ ಮುಖ ನೋಡಿ ಅವನ ಕೈ ತಾನಾಗಿ ಚೀಲಕ್ಕೆ ಹೋಗಿ ಇನ್ನೊಂದು ಖಾಲಿ ಹಾಳೆ ತೆಗೆಯಿತು. ಕಾಶಪ್ಪನನ್ನು ಹೊರಸಿನ ಮೇಲೆ ಹತ್ತಿರ ಕೂರಿಸಿಕೊಂಡ.

"ಕೇಳಪ್ಪಾ. ಶಾಬಾದ ನಮ್ಮ ಠಾಣಾಕ ಬರಂಗಿಲ್ಲ. ನಿನ್ನ ಕೇಸೂ ವಾಪಸ್ ಆಗ್ಯಾದ. ನಾ ಬರೀದಿದ್ರ ಅಲ್ಲೀತನ ಯಾರೂ ಹುಡ್ಕೊಂಡು ಹೋಗಂಗಿಲ್ಲ. ಇದು ಹರಿದು ಒಲಿಗಿ ಹಾಕೂಣು. ಯಾವ ಚಳವಳಿಯಾಗೂ ಇದ್ದಿಲ್ಲ, ಜೈಲಿಗಿ ಹೋಗಿಲ್ಲ ಅಂತ ನೀ ಎರಡು ಸಾಲು ಬರದು ಸಹಿ ಮಾಡು. ಮುಂದಿಂದು ನಂದು."

"ಬರೀತಾನ, ಬರೀತಾನ," ಎಂದಿತು ಇಡೀ ಅಂಗಳ.

ಕಾಶಪ್ಪ ಪೆನ್ನು ಹಿಡಿದು ಕೂತ. ಆ ನೌಕರಿ ಅವನಿಗೆ ಬೇಕಿರಲಿಲ್ಲ ಎಂದಲ್ಲ. ತಾಟು ಬಡಿದು ಬಡಿದು ಅವನ ಬೆರಳಿನ ತುದಿ ದಡ್ಡುಗಟ್ಟಿತ್ತು. ಎಲ್ಲೋ ಕೂತವನೊಬ್ಬನ ಮಾತು ಎಷ್ಟೋ ಹರದಾರಿ ಹಾದು ತನ್ನ ಬೆರಳಿಗೆ ಬಂದು ಮುಟ್ಟುತ್ತದೆ ಎಂಬುದನ್ನು ನೆನೆದರೇ ಮೈ ಜುಮ್ಮೆನ್ನುತ್ತಿತ್ತು. ಆದರೂ ಪೆನ್ನು ಮುಂದೆ ಸಾಗಲಿಲ್ಲ. ಅವನು ಕಣ್ಣೆತ್ತಿ ಮುತ್ಯಾನನ್ನು ನೋಡಿದ.

ಮುತ್ಯಾನಿಗೆ ಅರ್ಥವಾಯಿತು. "ನನ್ನ ಮಾರಿ ನೋಡಬ್ಯಾಡ, ಬರಿ," ಎಂದ. "ನಾ ಜೈಲಿಗಿ ಹೋಗಿಲ್ಲ ಅಂತ ಊರು ಬರಸ್ತು. ಬರದ ಮ್ಯಾಲ ನನ್ನ ಜೈಲು ಎಲ್ಲಿ ಹೋತು? ಎಲ್ಲೂ ಹೋಗಿಲ್ಲ, ನನ್ನ ಹಂತ್ಯಾಕೇ ಅದ. ನಿಂದೂ ಎಲ್ಲೂ ಹೋಗಂಗಿಲ್ಲ. ಬರಿ ಕಾಶ್ಯಾ, ನೌಕರಿ ಹಿಡಿ."

ಒಂದು ವರ್ಷ ತಂಗಿಯ ಸಂಗಡ ಮಾತು ಬಿಟ್ಟವನ ಬಾಯಿಂದ ಬಂದ ಮಾತಿದು. ಮೊಮ್ಮಗನಿಗಾಗಿ ಅವನು ತನ್ನ ನೋವನ್ನೇ ಸುಳ್ಳು ಮಾಡಲು ಹೊರಟಿದ್ದಾನೆಂದು ದೇವಿಂದ್ರಪ್ಪನಿಗೂ ತಿಳಿಯಿತು, ಕಾಶಪ್ಪನಿಗೂ ತಿಳಿಯಿತು.

"ಮುತ್ಯಾ, ನಿಂದು ಊರು ಹೇಳಿದ್ದು," ಎಂದ ಕಾಶಪ್ಪ. "ನೀ ಹೇಳಿದ್ದಲ್ಲ. ಇದು ನಾ ನನ್ನ ಕೈಯಿಂದ ಬರಿಯೋದು. ಸುಂದರಬಾಯಿ ಇವತ್ತಿಗೂ ಕುಂಟಕೋಂತ ಕೆಲಸಕ್ಕ ಹೋಗ್ತಾಳ. ಕಾಶಪ್ಪ ಇದ್ದ, ಅದಕ ನನ್ನ ಕಾಲು ಉಳೀತು ಅಂತ ಕಂಡವರಿಗೆಲ್ಲ ಹೇಳ್ತಾಳ. ನಾ ಇದ್ದಿಲ್ಲ ಅಂತ ಬರದ್ರ ಆಕಿ ಸುಳ್ಳಾಗ್ತಾಳ. ಆಕಿನ್ನ ಸುಳ್ಳು ಮಾಡಿ ನಾ ಹ್ಯಾಂಗ ಉಣ್ಣಲಿ?"

ಕಾಶಪ್ಪ ಖಾಲಿ ಹಾಳೆಯನ್ನು ದೇವಿಂದ್ರಪ್ಪನಿಗೆ ತಿರುಗಿ ಕೊಟ್ಟು, ಹೆಬ್ಬೆಟ್ಟಿನ ಹಾಳೆಯನ್ನು ಎಳೆದುಕೊಂಡ. ಅದರಲ್ಲಿದ್ದ ಸುಳ್ಳುಗಳನ್ನು ಒಂದೊಂದಾಗಿ ಹೊಡೆದು ಹಾಕತೊಡಗಿದ. ತಹಸೀಲ್ ಕಚೇರಿಯ ಬಾವುಟ ಹೋಯಿತು. ಚಿಂಚೋಳಿಯ ಅಡವಿ ಹೋಯಿತು, ಮಾಶಾಬಿಯ ಉಪವಾಸ ಹೋಯಿತು. ಆರು ತಿಂಗಳು ಮತ್ತೆ ಹದಿನೈದು ದಿನಕ್ಕೆ ಇಳಿಯಿತು. ಹಣಮಪ್ಪ ತಡೆಯಲಾರದೆ ಮುಂದೆ ಬಂದು, "ವಾಡಿ ಗಾಡಿ ಒಂದರ ಇರಲಿ ಬಿಡೋ," ಎಂದು ಅಂಗಲಾಚಿದ. ಕಾಶಪ್ಪ ನಕ್ಕು ಅದನ್ನೂ ಹೊಡೆದ. ಉಳಿದದ್ದು ಬಸ್ಸಮ್ಮ ಮೊದಲು ಹೇಳಿದಷ್ಟು ಮಾತ್ರ. ಅದರ ಕೆಳಗೆ ಅವನು ಸಹಿ ಮಾಡಿದ.

ಅಂದು ದೇವಿಂದ್ರಪ್ಪನಿಗೆ ಊಟ ಸೇರಲಿಲ್ಲ ಎಂದರೆ ಅವನನ್ನು ಬಲ್ಲವರು ಯಾರೂ ನಂಬುವುದಿಲ್ಲ. ಆದರೂ ಅದು ನಿಜ. ಬಸ್ಸಿನಲ್ಲಿ ಕೂತು ಚಿತ್ತಾಪುರದವರೆಗೂ ಅವನು ತನ್ನೊಳಗೇ ಜಗಳವಾಡಿದ. ನೌಕರಿಗಾಗಿ ಎರಡು ಸಾಲಿನ ಸುಳ್ಳನ್ನು ಬರೆಯಲಾರದ ಹುಡುಗ, ಒಬ್ಬರ ಹೆಸರನ್ನೂ ಹೇಳದೆ ಜೈಲಿಗೆ ಹೋದ, ಎರಡೂ ಕಡೆಯ ಜನರನ್ನು ಹೊಳೆ ದಾಟಿಸಿದ ಮುದುಕನ ಮೊಮ್ಮಗ. ಸರ್ಕಾರದ ಗುಟ್ಟನ್ನು ಇಂಥವನ ಕೈಗೆ ಕೊಡದೆ ಮತ್ತೆ ಯಾರ ಕೈಗೆ ಕೊಡುತ್ತಾರೆ? ಈ ಮಾತನ್ನೇ ಅವನು ವರದಿಯ ಕೊನೆಗೆ ತನ್ನ ಸೊಟ್ಟ ಅಕ್ಷರದಲ್ಲಿ ಬರೆದ. ಮೇಲಿನ ಸಾಹೇಬರು ಓದಿ, ಕೇಳಿದ್ದಕ್ಕಷ್ಟೇ ಉತ್ತರ ಬರೆಯುವುದನ್ನು ಈ ವಯಸ್ಸಿನಲ್ಲಿ ಕಲಿಸಬೇಕೇ ಎಂದು ಬೈದರು. ಬೈದರೂ ವರದಿಯನ್ನು ಹಾಗೆಯೇ ಕಳಿಸಿದರು.

ಜೋಳದ ಸುಗ್ಗಿ ಮುಗಿದ ಮೇಲೆ ಠಾಣೆಗೆ ಉತ್ತರ ಬಂತು. ಅಭ್ಯರ್ಥಿಯು ಹರತಾಳದಲ್ಲಿ ಭಾಗವಹಿಸಿ ಸೆರೆವಾಸ ಅನುಭವಿಸಿರುವುದು ಖಚಿತಪಟ್ಟಿರುವುದರಿಂದ ಈ ಹುದ್ದೆಗೆ ಯೋಗ್ಯನಲ್ಲ. ಅದನ್ನು ಅಂಚೆಯಲ್ಲಿ ಹಾಕಿದ್ದರೆ ಸಾಕಿತ್ತು. ದೇವಿಂದ್ರಪ್ಪನಿಗೆ ಮನಸ್ಸಾಗಲಿಲ್ಲ. ರಜೆ ಹಾಕಿ, ಖಾಕಿ ಕಳಚಿಟ್ಟು, ಧೋತರ ಉಟ್ಟುಕೊಂಡು ತಾನೇ ಹೊರಟ. "ಖಾಕಿ ಇಲ್ಲದ ಹೋದ್ರ ಚಹಾನೂ ಕೊಡಂಗಿಲ್ಲ," ಎಂದಳು ಅನಸುಬಾಯಿ. ಹಾಗೆಂದವಳೇ ಒಂದು ಗಂಟು ಶೇಂಗಾದ ಹೋಳಿಗೆ ಕಟ್ಟಿ ಅವನ ಕೈಗೆ ಕೊಟ್ಟಳು.

ಅಂಗಳದಲ್ಲಿ ಮೂವರೂ ಇದ್ದರು. ಕಾಶಪ್ಪ ಹೊರಡುವ ತಯಾರಿಯಲ್ಲಿದ್ದ. ಶಹಾಬಾದಿನ ಖಣಿ ಕೂಲಿಗಳು ಒಂದು ಸಂಘ ಮಾಡಿಕೊಂಡು, ಅದರ ಲೆಕ್ಕಪತ್ರ ನೋಡಲು ಅವನನ್ನೇ ಕರೆದಿದ್ದರು. ಸಂಬಳ ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ ಎಂಬಂಥ ಕೆಲಸ. ದೇವಿಂದ್ರಪ್ಪನ ಮುಖ ನೋಡಿಯೇ ಅವನಿಗೆ ಸುದ್ದಿ ತಿಳಿಯಿತು. "ಕುಂದ್ರಿ ಕಾಕಾ," ಎಂದು ಹೊರಸು ಎಳೆದು ಕೊಟ್ಟ. ದೇವಿಂದ್ರಪ್ಪನಿಗೆ ಆ ಕಾಕಾ ಎಂಬ ಮಾತು ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

ಅಯ್ಯಪ್ಪ ಕಾಗದ ಕೇಳಿ ತೆಗೆದುಕೊಂಡ. ಓದಲು ಬಾರದಿದ್ದರೂ ಮೇಲೆ ಕೆಳಗೆ ತಿರುಗಿಸಿ ನೋಡಿ, "ಏನು ಬರದಾರ, ಒಂದು ಅಕ್ಷರ ಬಿಡದ ಓದ್ರಿ," ಎಂದ. ದೇವಿಂದ್ರಪ್ಪ ಓದಿದ. ಖಚಿತಪಟ್ಟಿರುವುದರಿಂದ ಎಂಬಲ್ಲಿಗೆ ಬಂದಾಗ ಮುದುಕ ಕೈಯೆತ್ತಿ ತಡೆದ.

"ಅದರ ಅರ್ಥ ಏನ್ರಿ?"

"ಖರೇ ಅದ ಅಂತ ತಿಳೀತು ಅಂತ. ಇವ ಜೈಲಿಗಿ ಹೋಗಿದ್ದು ಖರೇ ಅಂತ."

ಬಸ್ಸಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಣ್ಣನನ್ನೇ ನೋಡುತ್ತಿದ್ದಳು. ಅವನು ಕಾಗದವನ್ನು ತಿರುಗಿ ಇಸಕೊಂಡು, ಮೊದಲು ಹೇಗಿತ್ತೋ ಹಾಗೆಯೇ ಮಡಿಕೆ ತಪ್ಪದಂತೆ ಮಡಚಿ, ಕಾಶಪ್ಪನ ಅಂಗಿಯ ಜೇಬಿನಲ್ಲಿಟ್ಟು ಮೇಲೆ ಅಂಗೈ ಒತ್ತಿದ.

"ನನ್ನ ಜೈಲು ಸರ್ಕಾರ ನಂಬಲಿಲ್ಲ," ಎಂದ. "ನಿಂದರ ನಂಬ್ತಲ್ಲ. ಜ್ವಾಕಿ ಇಟ್ಕೋ."

ಅಲ್ಲಿಯವರೆಗೂ ನಗುನಗುತ್ತ ಇದ್ದ ಕಾಶಪ್ಪ ಆಗ ಮುತ್ಯಾನ ಹೆಗಲಿಗೆ ಮುಖವಿಟ್ಟು ಅತ್ತ. ಮುದುಕ ಅವನ ಬೆನ್ನು ಸವರುತ್ತ ನಿಂತಿದ್ದ. ದೇವಿಂದ್ರಪ್ಪ ಹೋಳಿಗೆಯ ಗಂಟನ್ನು ಬಸ್ಸಮ್ಮನ ಕೈಗೆ ಕೊಟ್ಟು, ಊಟ ಮಾಡಿಯೇ ಹೋಗುತ್ತೇನೆಂದು ಅಂಗಳದಲ್ಲಿ ಕೂತ.